ಚಲವಾದಿ ಮನೆಯ ಮೂರು ಮಂದಿ

ದಾನಮ್ಮ ರೊಟ್ಟಿ ಬಡಿಯಲು ಕುಳಿತಳೆಂದರೆ ಆ ಸದ್ದು ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಬಿಜಾಪುರ, ಬಾಗಲಕೋಟೆ ಕಡೆಯ ಹುಡುಗರು ಕೆಲಸ ಮುಗಿಸಿ ಬರುವಾಗ ಆ ಸದ್ದಿಗೇ ಗಾಡಿ ನಿಲ್ಲಿಸಿ ಒಳಗೆ ನುಗ್ಗುತ್ತಿದ್ದರು.

"ಅಕ್ಕಾರ, ನಮ್ಮವ್ವ ಇಷ್ಟ ತೆಳ್ಳಗ ಬಡದಿದ್ರ ನಾ ಊರ ಬಿಟ್ಟು ಬರ್ತಿದ್ದಿಲ್ಲ ನೋಡ್ರಿ."

"ನಿಮ್ಮವ್ವ ತೆಳ್ಳಗ ಬಡದಿದ್ರ ನೀ ಇಷ್ಟ ದಪ್ಪ ಆಗ್ತಿದ್ದಿಲ್ಲ. ಸುಮ್ನ ಉಣ್ಣು," ಎನ್ನುತ್ತಿದ್ದಳು ದಾನಮ್ಮ, ಹಂಚಿನಿಂದ ಕಣ್ಣು ತೆಗೆಯದೆ.

ಖಾನಾವಳಿ ಸಿದ್ದಲಿಂಗಯ್ಯನದು. ಜಂಗಮರ ಪೈಕಿ, ಅವನೂ ಬಿಜಾಪುರ ಕಡೆಯವನೇ. ಬಾಗಿಲ ಮೇಲೆ ಲಿಂಗಾಯತ ಖಾನಾವಳಿ ಎಂದು ದಪ್ಪ ಅಕ್ಷರದ ಬೋರ್ಡು. ದಾನಮ್ಮನಿಗೆ ಓದಲು ಬಾರದಿದ್ದರೂ ಅದರಲ್ಲಿ ಏನಿದೆಯೆಂದು ಗೊತ್ತಿತ್ತು. ಆ ಬೋರ್ಡಿನ ಕೆಳಗೆ ತಲೆ ಬಗ್ಗಿಸಿಕೊಂಡೇ ದಿನವೂ ಒಳಗೆ ಹೋಗುತ್ತಿದ್ದಳು. ಯಾಕೆಂದರೆ ದಾನಮ್ಮ ಲಿಂಗಾಯತಳಲ್ಲ. ಅವಳು ಚಲವಾದಿ. ಹೊಲೆಯರಲ್ಲಿ ಗಂಟೆಬಟ್ಟಲು ಹೊರುವ ಮನೆತನಕ್ಕೆ ಸೊಸೆಯಾಗಿ ಬಂದವಳು.

ಅವಳೇನೂ ಸುಳ್ಳು ಹೇಳಿ ಸೇರಿದವಳಲ್ಲ. ಅವಳ ಗಂಡ ಭೀಮರಾಯ ಗಾರೆ ಕೆಲಸದಲ್ಲಿ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡು, ಇನ್ನು ಇಟ್ಟಿಗೆ ಹೊರುವ ಹಾಗಿಲ್ಲ ಎಂದಾದ ಮೇಲೆ ಗಂಡನನ್ನೂ ಮುದಿ ಅತ್ತೆಯನ್ನೂ ಹಿಂದೆ ನಿಲ್ಲಿಸಿಕೊಂಡು ದಾನಮ್ಮ ಈ ಬಾಗಿಲಿಗೆ ಬಂದು ಕೆಲಸ ಕೇಳಿದ್ದಳು.

"ನಿನ್ನ ಹೆಸರೇನ ತಂಗಿ?" ಎಂದಿದ್ದ ಸಿದ್ದಲಿಂಗಯ್ಯ.

"ದಾನಮ್ಮರಿ."

"ಗುಡ್ಡಾಪುರದ ತಾಯಿ ಹೆಸರು! ಹಂಗಾರ ನಮ್ಮವರ ಅನ್ನು."

ಮಕ್ಕಳು ಉಳಿಯದ ಅವಳ ತಾಯಿ ಲಿಂಗಾಯತರು ಪೂಜಿಸುವ ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತು ಇಟ್ಟ ಹೆಸರು ಅದು. ಊರಲ್ಲಿ ಆ ಹೆಸರಿಗಾಗಿ ಗೌಡರ ಮನೆಯವರು ಮೂಗು ಮುರಿದಿದ್ದರು. ಇಲ್ಲಿ ಅದೇ ಹೆಸರು ಬಾಗಿಲು ತೆರೆಯಿತು. ಅಲ್ಲ ಎನ್ನಲು ದಾನಮ್ಮ ಬಾಯಿ ತೆರೆಯುವಷ್ಟರಲ್ಲಿ ಭೀಮರಾಯ ಹಿಂದಿನಿಂದ, "ಹೌದ್ರಿ ಅಯ್ಯಾರ," ಎಂದುಬಿಟ್ಟ. ಅವಳ ಬಾಯಿ ಹಾಗೇ ಮುಚ್ಚಿಕೊಂಡಿತು. ಅವತ್ತು ಮುಚ್ಚಿದ್ದು ಮುಚ್ಚಿಯೇ ಇತ್ತು.

ಖಾನಾವಳಿಯ ಹಿಂದೆ ಶೀಟು ಹೊದಿಸಿದ ಒಂದು ಕೋಣೆ ಸಿಕ್ಕಿತು. ಭೀಮರಾಯ ಕುಳಿತಲ್ಲೇ ತರಕಾರಿ ಹೆಚ್ಚುವುದು, ಪಾತ್ರೆ ತಿಕ್ಕುವುದು. ದಾನಮ್ಮ ಹಣೆಗೆ ವಿಭೂತಿ ಇಟ್ಟಳು. ಒಂದು ಸಣ್ಣ ಹರಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಲಿಂಗದ ಹಾಗೆ ಕೊರಳಿಗೆ ಹಾಕಿಕೊಂಡಳು.

ಅತ್ತೆ ಮುರಿಗೆವ್ವ ಆ ಗಂಟನ್ನು ನೋಡಿದಾಗಲೆಲ್ಲ ಕೇಳುತ್ತಿದ್ದಳು, "ಆ ಹರಳು ಮಾತಾಡತೈತೇನ?"

"ಮೆಲ್ಲಕ ಅತ್ತಿ. ಗ್ವಾಡಿ ಆಚೀಕ ಮಂದಿ ಅದಾರ."

"ಮಂದಿ ಇದ್ದಲ್ಲೇ ಬಾಳೇ ಮಾಡೀನಿ ನಾನೂ. ಬಾಯಿ ಹೊಲಕೊಂಡು ಮಾಡಿಲ್ಲ."

ಮುರಿಗೆವ್ವನ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಹಳೆಯ ಕಂಬಳಿಯ ಚೂರಿನಲ್ಲಿ ಸುತ್ತಿಟ್ಟ ಗಂಟೆಬಟ್ಟಲು. ಉದ್ದ ಹಿಡಿಯ ಹಿತ್ತಾಳೆ ಬಟ್ಟಲು, ಬಟ್ಟಲ ಅಂಚಿನಲ್ಲಿ ಹೆಬ್ಬೆರಳಿನಷ್ಟು ಬಸವಣ್ಣ, ಹಿಡಿಗೆ ಸರಪಳಿಯಲ್ಲಿ ತೂಗುವ ಗಂಟೆ. ಅವರ ಸೀಮೆಯಲ್ಲಿ ಲಿಂಗಾಯತರ ಹೆಣ ಮನೆಯ ಹೊಸ್ತಿಲು ದಾಟಬೇಕಾದರೆ ಮುಂದೆ ಚಲವಾದಿಯ ಗಂಟೆ ನುಡಿಯಬೇಕು. ಗಂಟೆ ನುಡಿಯದಿದ್ದರೆ ಸತ್ತವರಿಗೆ ದಾರಿ ಕಾಣುವುದಿಲ್ಲವೆಂದು ನಂಬಿಕೆ. ಮುರಿಗೆವ್ವನ ಗಂಡ ಅದನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆದರೆ ಗೌಡ ಶಾನುಭೋಗರೆಲ್ಲ ಹಿಂದೆ ನಡೆಯುತ್ತಿದ್ದರು. ಹೆಣ ಮಣ್ಣಾದ ಮೇಲೆ ಅದೇ ಗೌಡರ ಬಾವಿಯ ಹತ್ತಿರ ಅವನು ಸುಳಿಯುವಂತಿರಲಿಲ್ಲ, ಆ ಮಾತು ಬೇರೆ.

"ಸತ್ತಾಗಷ್ಟೇ ನಾವ ಮುಂದ," ಎಂದು ದಾನಮ್ಮ ಒಮ್ಮೆ ಅಂದದ್ದುಂಟು.

"ಆದ್ರೂ ಮುಂದ," ಎಂದಿದ್ದಳು ಮುದುಕಿ.

ಭೀಮರಾಯ ದಾನಮ್ಮರಿಗೆ ಮಕ್ಕಳಾಗಲಿಲ್ಲ. ಗಂಟೆಬಟ್ಟಲು ಇನ್ನು ಯಾರ ಹೆಗಲಿಗೂ ಹೋಗುವಂತಿರಲಿಲ್ಲ. ಆ ಮನೆತನವೆಂದರೆ ಆ ಶೀಟಿನ ಕೋಣೆಯ ಮೂರು ಜೀವ, ಅಷ್ಟೇ.

ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿಯಲ್ಲಿ ಜನಗಣತಿ ಬಂತು. ಸರಸ್ವತಿ ಎಂಬ ಶಾಲೆಯ ಮೇಡಂ ಹೆಗಲಿಗೆ ಚೀಲ ಹಾಕಿಕೊಂಡು, ಬೆವರೊರೆಸಿಕೊಳ್ಳುತ್ತ ಖಾನಾವಳಿಗೆ ಬಂದರು. ಸಿದ್ದಲಿಂಗಯ್ಯ ಅವರಿಗೆ ಮಜ್ಜಿಗೆ ಕೊಡಿಸಿ, ತನ್ನ ಮನೆಯವರದೆಲ್ಲ ಬರೆಸಿ, ಹಿಂದಿನ ಕೋಣೆಗೂ ತಾನೇ ಕರೆತಂದ.

"ಇಲ್ಲಿ ಎಷ್ಟು ಜನ ಇದೀರಮ್ಮಾ?"

"ಮೂರ ಮಂದಿರಿ," ಎಂದಳು ದಾನಮ್ಮ. ಹೆಸರು, ವಯಸ್ಸು ಎಲ್ಲ ಆಯಿತು.

"ಎಸ್‌ಸಿ, ಎಸ್‌ಟಿ ಏನಾದ್ರೂ ಇದೀರಾ? ಎಸ್‌ಸಿ ಆದ್ರೆ ಜಾತಿ ಹೆಸರು ಹೇಳ್ಬೇಕು."

ಚಾಪೆಯ ಮೇಲೆ ಕುಳಿತಿದ್ದ ಮುರಿಗೆವ್ವ ತಲೆಯೆತ್ತಿದಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಯ್ಯ ದೊಡ್ಡದಾಗಿ ನಕ್ಕ.

"ನಮ್ಮ ಖಾನಾವಳ್ಯಾಗ ಅವರೆಲ್ಲಿ ಬರ್ತಾರ ಮೇಡಮ್ಮಾರ? ಬೋರ್ಡ್ ನೋಡ್ಲಿಲ್ಲೇನ? ಇವರೂ ನಮ್ಮವರ."

"ಕೇಳೋದು ನಮ್ ಕೆಲಸ ಸಾರ್, ತಪ್ಪು ತಿಳ್ಕೋಬೇಡಿ," ಎಂದು ಮೇಡಂ ಬರೆದುಕೊಂಡರು. ಹೊರಡುವಾಗ ಹೇಳಿದರು, "ಮಾರ್ಚ್ ಮೊದಲ ವಾರ ಇನ್ನೊಂದ್ಸಲ ಬರ್ತೀನಿ. ಅಷ್ಟರಲ್ಲಿ ಹುಟ್ಟು, ಸಾವು, ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ತಿದ್ದೋಕೆ."

ಅವತ್ತಿನಿಂದ ಮುರಿಗೆವ್ವ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ಊಟದ ಗಂಗಾಳವನ್ನು ಅತ್ತೆಯ ಮುಂದೆ ತಳ್ಳಿ ದಾನಮ್ಮ ಕೇಳಿದಳು, "ಏನಾಗೇದರಿ ಅತ್ತಿ? ನನ್ನ ಕೈಯಾಂದು ಸೇರವಲ್ದೇನ?"

"ಸರ್ಕಾರದವರು ದೇಶದಾಗಿನ ಮಂದೀನೆಲ್ಲ ಎಣಿಸಾಕತ್ತಾರ. ಬ್ರಾಹ್ಮಣರನ್ನ ಎಣಿಸ್ಯಾರ, ಸಾಬರನ್ನ ಎಣಿಸ್ಯಾರ, ಲಮಾಣೇರನ್ನ ಎಣಿಸ್ಯಾರ. ಚಲವಾದ್ಯಾರು ಎಷ್ಟ ಮಂದಿ ಅದಾರ ಅಂತ ಕೇಳಿದ್ರ ಮೂರ ಮಂದಿ ಕಡಿಮಿ ಹೇಳ್ತಾರ."

"ಮೂರ ಮಂದೀಲೆ ಏನ ಆಗತೈತ್ರಿ?"

"ಎಲ್ಲಾರೂ ಹಿಂಗ ಬಾಯಿ ಮುಚ್ಚಿದ್ರ? ಪ್ಯಾಟ್ಯಾಗ ಬಾಡಿಗಿ ಮನಿ ಸಲುವಾಗಿ ಎಷ್ಟ ಮಂದಿ ಮುಚ್ಚ್ಯಾರೋ ಯಾರಿಗೆ ಗೊತ್ತು. ಹೆಂಗೂ ನಮ್ಮ ಮನಿ ನಮ್ಮ ಸಂಗಾಟ ಮುಗೀತೈತಿ ದಾನವ್ವಾ. ಇದ್ವಿ ಅಂತ ಒಂದ ಸಲ ಬರಸಿ ಸಾಯೂಣು ಅಂತೀನಿ. ಇರಲೇ ಇಲ್ಲ ಅನ್ನಿಸಿಕೊಂಡು ಸಾಯಾಕ ಮನಸ ಬರವಲ್ದು."

ಅತ್ತೆಯ ಮಾತು ದಾನಮ್ಮನಿಗೆ ತಿಳಿಯದ್ದಲ್ಲ. ಆದರೆ ಮೇಡಂ ತಿರುಗಿ ಬಂದಾಗ ಅವಳ ಬಾಯಿಂದ ಆ ಹೆಸರು ಬಂದರೆ, ಆ ಸಂಜೆ ಹಂಚಿನ ಮುಂದೆ ಬೇರೆ ಯಾರೋ ಕುಳಿತಿರುತ್ತಾರೆ. ಕುಂಟ ಗಂಡ, ಮುದಿ ಅತ್ತೆ, ತಲೆಯ ಮೇಲಿನ ಶೀಟು, ಎಲ್ಲವೂ ಅವಳ ಎರಡು ಅಂಗೈಗಳ ಮೇಲೆ ನಿಂತಿದ್ದವು. "ಮೇಡಮ್ಮ ಬರ್ಲಿ, ನೋಡೂಣು," ಎಂದಳು. ನೋಡುವುದೇನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಿದ್ದಲಿಂಗಯ್ಯನ ತಂದೆ ಗುರುಲಿಂಗಯ್ಯ ಹಣ್ಣು ಮುದುಕ. ಊರು ಬಿಡಿಸಿ ಕರೆತಂದಿದ್ದ ಮಗನ ಮೇಲೆ ಸಿಟ್ಟು ಅವನಿಗೆ. ದಿನವೂ ಹಿತ್ತಲಿನ ಎಳೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು, ಕೆಳಗೆ ಕಟ್ಟೆಯ ಮೇಲೆ ಕುಳಿತ ಮುರಿಗೆವ್ವನ ಜೊತೆ ಊರ ಸುದ್ದಿ ಹೇಳುತ್ತಿದ್ದ. ಬಾಯಿ ಬಿಡಬೇಡಿರೆಂದು ಸೊಸೆ ಹೇಳಿದ್ದರಿಂದ ಮುರಿಗೆವ್ವ ಬರೀ ಹೂಂಗುಡುತ್ತಿದ್ದಳು. ದಾನಮ್ಮ ಗಂಜಿ ತಂದಿಟ್ಟರೆ ಮುದುಕ ಸೊರಸೊರ ಕುಡಿದು, "ಮಗಳ, ನಿನ್ನ ಕೈ ತಣ್ಣಗಿರ್ಲಿ," ಎನ್ನುತ್ತಿದ್ದ.

ಒಂದು ದಿನ ಅವನು ಹೇಳಿದ, "ಮುರಿಗೆವ್ವಾ, ನನಗ ಸಾಯಾಕ ಅಂಜಿಕಿ ಇಲ್ಲ. ಆದ್ರ ಈ ಊರಾಗ ಸಾಯಾಕ ಅಂಜಿಕಿ ಬರತೈತಿ. ಇಲ್ಲಿ ಗಂಟಿ ನುಡಸವ್ರ ಯಾರ? ಒಬ್ಬ ಚಲವಾದಿ ಇಲ್ಲ. ಮೂಕ ದನಾ ಒಯ್ದಂಗ ಒಯ್ತಾರ ನನ್ನ."

ಮುರಿಗೆವ್ವನ ಗಂಟಲಿಗೆ ಬಂದ ಮಾತನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತ ದಾನಮ್ಮ ಕಂಡಳು. ಕಣ್ಣಲ್ಲೇ ಬೇಡಿಕೊಂಡಳು. ಮುದುಕಿ ಆ ಮಾತನ್ನು ನುಂಗಿ, "ಯಾರರ ಬರ್ತಾರ ಬಿಡ್ರಿ ಅಜ್ಜಾರ," ಎಂದಳು.

ಫೆಬ್ರವರಿ ಮುಗಿಯುವ ಮೊದಲೇ ಗುರುಲಿಂಗಯ್ಯ ತೀರಿಕೊಂಡ. ಬೆಳಗಿನ ಗಂಜಿ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಒರಗಿದ.

ಮಧ್ಯಾಹ್ನದ ಹೊತ್ತಿಗೆ ನಂಟರು ಬಂದರು, ಮಠದಿಂದ ಸ್ವಾಮಿಗಳು ಬಂದರು. ಹೂವಿನ ವಿಮಾನ ಕಟ್ಟಿ ಹೆಣ ಕೂಡಿಸಿದರು. ಬನಶಂಕರಿ ಕಡೆಯ ಸ್ಮಶಾನಕ್ಕೆ ಒಯ್ಯಲು ದೊಡ್ಡ ರಸ್ತೆಯಲ್ಲಿ ವ್ಯಾನು ನಿಂತಿತ್ತು. ವ್ಯಾನಿನವರೆಗೆ ಹೊತ್ತು ನಡೆಯಬೇಕು. ಸಿದ್ದಲಿಂಗಯ್ಯ ಹೊಸ್ತಿಲಲ್ಲಿ ಕುಸಿದು ಕುಳಿತಿದ್ದ.

"ನಮ್ಮಪ್ಪ ಒಂದ ಕೇಳಿದ್ದ ನನ್ನ. ಗಂಟಿ ಇಲ್ದ ಒಯ್ಯಬ್ಯಾಡ ಅಂದಿದ್ದ. ಮುಂಜಾನಿಂದ ಸುದ್ದಗುಂಟೆಪಾಳ್ಯ, ಅಲ್ಲಿ, ಇಲ್ಲಿ ಎಲ್ಲಾ ಕಡೆ ಮಂದೀನ ಅಟ್ಟೀನಿ. ಒಬ್ಬ ಸಿಗವಲ್ಲ."

"ಬ್ಯಾಂಡ್ ಸೆಟ್ ಕರ್ಸೋಣ ಬಿಡಿ ಅಯ್ಯಾ, ಹೊತ್ತಾಯ್ತು," ಎಂದ ಅಕ್ಕಪಕ್ಕದವನೊಬ್ಬ.

ಈ ಮಾತು ಹಿಂದಿನ ಕೋಣೆಗೆ ಕೇಳುತ್ತಿತ್ತು. ಮುರಿಗೆವ್ವ ಎದ್ದು ಪೆಟ್ಟಿಗೆ ತೆಗೆದಳು. ಕಂಬಳಿ ಬಿಚ್ಚಿ ಗಂಟೆಬಟ್ಟಲನ್ನು ಸೆರಗಿನಿಂದ ಒರೆಸಿ ಮಗನ ಮುಂದೆ ಹಿಡಿದಳು. "ಹೊರು."

ಭೀಮರಾಯ ಗೋಡೆಗೆ ಅಂಟಿಕೊಂಡ. "ಯವ್ವಾ, ಹುಚ್ಚ ಹಿಡದೈತೇನ ನಿನಗ? ನಮ್ಮ ಕೂಳ ನಾವ ಕಳಕೊಳ್ಳೂದೇನ?"

"ಹೊರಾಂಗಿಲ್ಲ?"

"ನನ್ನ ಕಾಲ..." ಎಂದವನು ಮಾತು ಮುಗಿಸದೆ ಗೋಡೆಯ ಕಡೆ ತಿರುಗಿದ.

ಮುದುಕಿ ಅದನ್ನು ತಾನೇ ಹೆಗಲ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ದಾನಮ್ಮ ಅಡ್ಡ ನಿಂತು, ಗಂಟೆಯ ಒಳಗೆ ಬೆರಳು ತೂರಿಸಿ ಅದರ ನಾಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗಂಟೆ ಮೂಕವಾಯಿತು.

"ಅತ್ತಿ, ನಿಮ್ಮ ಕಾಲ ಬೀಳ್ತೀನಿ. ನಾಳೆ ಎಲ್ಲಿ ಹೋಗೂಣು? ಯಾರ ಮನ್ಯಾಗ ಕುಂದ್ರಸ್ತೀರಿ ನಿಮ್ಮ ಮಗನ್ನ?"

ಮುರಿಗೆವ್ವ ಕಸಿದುಕೊಳ್ಳಲಿಲ್ಲ. ಸೊಸೆಯ ಮುಖ ನೋಡಿ ಮೆಲ್ಲಗೆ ಹೇಳಿದಳು, "ಬಿಡ ಮಗಳ. ನಿನ್ನ ಕೈಯಾನ ಗಂಜಿ ಕುಡದು ಹ್ವಾದವ. ಅವನ ದಾರಿ ತಪ್ಪಸಬ್ಯಾಡ."

ಹೊರಗೆ, ಎತ್ತಿ ಎತ್ತಿ ಎಂದು ಯಾರೋ ಕೂಗುತ್ತಿದ್ದರು. ದಾನಮ್ಮ ಯಾಕೆ ಬೆರಳು ಸಡಿಲಿಸಿದಳೋ ಅವಳಿಗೇ ಗೊತ್ತಾಗಲಿಲ್ಲ. ಬಿಟ್ಟ ಕೂಡಲೆ ಗಂಟೆ ಡಣ್ ಎಂದಿತು.

ಸದ್ದು ಕೇಳಿದ್ದೇ ತಡ, ಮುಂದೆ ನಿಂತಿದ್ದ ಜನ ಎರಡು ಪಾಲಾಗಿ ದಾರಿ ಬಿಟ್ಟರು. "ಚಲವಾದಿ ಬಂದ! ಬಂದ ನೋಡ್ರಿ!" ಎಂದರು. ಸಿದ್ದಲಿಂಗಯ್ಯ ಕಣ್ಣೀರಲ್ಲೇ ಓಡಿಬಂದು ಬಟ್ಟಲ ಬಸವಣ್ಣನಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದ. ತಲೆಯೆತ್ತಿದಾಗ ಅದನ್ನು ಹೊತ್ತವಳ ಮುಖ ಕಂಡಿತು.

ಅವನು ಆಗ ಏನೂ ಹೇಳಲಿಲ್ಲ. ಹೇಳಿದರೆ ಗಂಟೆ ನಿಲ್ಲುತ್ತದೆ. ಮುರಿಗೆವ್ವ ಮುಂದೆ ನಡೆದಳು, ಅವನು ಹಿಂದೆ ನಡೆದ. ದೊಡ್ಡ ರಸ್ತೆಯಲ್ಲಿ ಬಸ್ಸುಗಳು ನಿಂತವು. ವ್ಯಾನಿನಲ್ಲಿ ಹೆಣದ ಮುಂದೆ ಕುಳಿತು ಹೋಗಿ, ಸ್ಮಶಾನದಲ್ಲಿ ಮಣ್ಣು ಮುಚ್ಚುವವರೆಗೂ ಅವಳು ಗಂಟೆ ನುಡಿಸಿದಳು. ಹಿಂತಿರುಗುವಾಗ ವ್ಯಾನಿನಲ್ಲಿ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಬಿಸಿಲಲ್ಲಿ ನಡೆದು, ಅಲ್ಲಲ್ಲಿ ಕುಳಿತು, ದಾರಿ ಕೇಳುತ್ತ ಬಂದಳು.

ಅವಳು ಬಂದು ಸೇರುವಷ್ಟರಲ್ಲಿ ದಾನಮ್ಮನ ಹಂಚು, ಹಿಟ್ಟು ನಾದುವ ಮರಿಗೆ, ನೀರಿನ ಕೊಡ ಎಲ್ಲ ಹಿತ್ತಲಿಗೆ ಬಂದು ಬಿದ್ದಿದ್ದವು. ಸಿದ್ದಲಿಂಗಯ್ಯ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಬೈದಿದ್ದರೆ ದಾನಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಮ್ಮಪ್ಪ ಸಾಯೂ ದಿನಾನೂ ನಿನ್ನ ಕೈಯಾಗ ಉಂಡ. ಅವಗ ಗೊತ್ತಿಲ್ದ ಉಂಡ. ಹಿಂಗ ಮಾಡಬಾರದಿತ್ತು ತಂಗಿ."

"ನಿಮ್ಮಪ್ಪಗ ಗಂಟಿ ಬೇಕಾಗಿತ್ರಿ ಅಯ್ಯಾರ."

"ಗಂಟಿ ಬ್ಯಾರೆ, ಗಂಗಾಳ ಬ್ಯಾರೆ." ಅವನು ಮುಖ ತಿರುಗಿಸಿದ. "ನನಗ ಸಿಟ್ಟಿಲ್ಲ. ಉಣ್ಣಾಕ ಬರೂ ಮಂದಿ ಏನಂತಾರ? ನಾಳೆ ಮುಂಜಾನೆ ಕ್ವಾಣಿ ಖಾಲಿ ಮಾಡ್ರಿ."

ಮರುದಿನ ಮೂವರೂ ಗಂಟುಮೂಟೆ ಕಟ್ಟಿಕೊಂಡು ರಸ್ತೆ ದಾಟಿ, ಎದುರಿನ ಮುಚ್ಚಿದ ಅಂಗಡಿಯ ಜಗುಲಿಯ ಮೇಲೆ ಕುಳಿತರು. ಭೀಮರಾಯ ಕುಂಟುತ್ತ ಮನೆ ಹುಡುಕಲು ಹೋಗಿ ಬಂದ, ಮತ್ತೆ ಹೋಗಿ ಬಂದ. ರಾತ್ರಿಯೂ ಅಲ್ಲೇ ಕಳೆಯಿತು. ಅಕ್ಕಾರ ಎಂದು ಕರೆಯುತ್ತಿದ್ದ ಹುಡುಗರು ಗಾಡಿಯಲ್ಲಿ ಹಾದುಹೋದರು. ತೆಳ್ಳನೆಯ ರೊಟ್ಟಿ ಹೊಗಳಿದವನು ಗಾಡಿ ನಿಧಾನ ಮಾಡಿದ, ಆದರೆ ನಿಲ್ಲಿಸಲಿಲ್ಲ.

ಬೆಳಗಾದರೆ ಮಾರ್ಚ್ ಒಂದನೇ ತಾರೀಖು. ಹೇಳಿದ ಹಾಗೆ ಸರಸ್ವತಿ ಮೇಡಂ ಬಂದರು. ಖಾನಾವಳಿಯ ಬಾಗಿಲಲ್ಲಿ ನಿಂತು, "ಹೆಚ್ಚುಕಡಿಮೆ ಏನಾದ್ರೂ ಆಗಿದ್ಯಾ ಸಾರ್?" ಎಂದು ಕೇಳಿದ್ದು ಜಗುಲಿಗೆ ಕೇಳಿಸಿತು.

"ನಮ್ಮಪ್ಪ ಹ್ವಾದ್ರಿ ಮೇಡಮ್ಮಾರ."

"ಅಯ್ಯೋ! ಹಿಂದಿನ ರೂಮಿನೋರು?"

"ಅದು ಖಾಲಿ ಐತ್ರಿ."

ಮುರಿಗೆವ್ವ ಸೊಸೆಯ ಮೊಣಕೈ ಹಿಡಿದು ನೂಕಿದಳು. ದಾನಮ್ಮ ಎದ್ದಳು. ಇನ್ನು ಕಳೆದುಕೊಳ್ಳಲು ಏನೂ ಇರಲಿಲ್ಲ. ರಸ್ತೆ ದಾಟುತ್ತ ಕೊರಳಿನ ಹರಳಿನ ಗಂಟನ್ನು ಹರಿದು ಮುಷ್ಟಿಯಲ್ಲಿ ಹಿಡಿದಳು.

"ಮೇಡಮ್ಮಾರ, ಖಾಲಿ ಇಲ್ರಿ. ಅವತ್ತ ತಪ್ಪ ಬರಿಸಿದ್ವಿ. ನಾವು ಎಸ್‌ಸಿ. ಚಲವಾದಿ. ಮೂರ ಮಂದಿ. ತಿದ್ದಿ ಬರಕೊಳ್ರಿ."

ಮೇಡಂ ಅವಳನ್ನೂ ಸಿದ್ದಲಿಂಗಯ್ಯನನ್ನೂ ನೋಡಿದರು. ಅವನು, "ನನ್ನ ಮನಿ ನಂಬರಿನ್ಯಾಗ ಅದನ್ನ ಬರೀಬ್ಯಾಡ್ರಿ. ಅವರು ಇಲ್ಲಿ ಇಲ್ಲ," ಎಂದು ಒಳಗೆ ಹೋದ.

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಮ್ಮಾ?"

ದಾನಮ್ಮ ಎದುರಿನ ಜಗುಲಿ ತೋರಿಸಿದಳು.

ಮೇಡಂ ಮುಖ ಸಪ್ಪಗಾಯಿತು. "ರಸ್ತೆ ಆ ಕಡೆದು ನಂದಲ್ಲಮ್ಮ. ಅದು ಬೇರೆ ಮೇಷ್ಟ್ರ ಪಾಲಿಗೆ ಬಂದಿರೋದು. ಈ ಕಡೆ ನೀವು ಇಲ್ಲ ಅಂತಿದಾರೆ, ಆ ಕಡೆ ನಾನು ಬರೆಯೋ ಹಾಗಿಲ್ಲ." ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡರು. "ಆ ಮೇಷ್ಟ್ರಿಗೆ ಹೇಳ್ತೀನಿ, ಖಂಡಿತ ಹೇಳ್ತೀನಿ. ಇಲ್ಲೇ ಇರಿ."

ಅವರು ಅಲ್ಲೇ ಇದ್ದರು. ಸಂಜೆಯವರೆಗೂ ಯಾರೂ ಬರಲಿಲ್ಲ. ಆಮೇಲೆ, ಊರಿಗೆ ಹೋಗಿದ್ದ ಅಂಗಡಿಯವನು ಬಂದು ಶಟರ್ ಎತ್ತಬೇಕು ಎದ್ದೇಳಿ ಎಂದ.

ಅಲ್ಲಿಂದ ಮೇಲೆ ಮನೆ ಹುಡುಕಾಟ. ದಾನಮ್ಮ ಇನ್ನು ಬಾಯಿ ಮುಚ್ಚಲಾರೆನೆಂದು ಗಟ್ಟಿ ಮಾಡಿಕೊಂಡಿದ್ದಳು. ಸುದ್ದಗುಂಟೆಪಾಳ್ಯದ ಒಂದು ವಠಾರದ ಒಡತಿ ಗೋವಿಂದಮ್ಮ ಕೋಣೆ ತೋರಿಸಿ, ನೀರು ಬರುವ ಹೊತ್ತು ಹೇಳಿ, ಕಡೆಗೆ ಕೇಳಿದಳು, "ನೀವು ಏನ್ ಜನ?"

"ಚಲವಾದಿರಿ."

"ಅಂದ್ರೆ?"

"ಎಸ್‌ಸಿರಿ."

"ಅಯ್ಯೋ, ಮರ್ತೇಬಿಟ್ಟೆ ನೋಡು. ನಮ್ ಅಳಿಯ ಅವರ ಕಡೆಯೋರಿಗೆ ಮಾತು ಕೊಟ್ಟಿದಾನೆ."

ಜಯನಗರದ ಹಿಂಬದಿಯ ಗಲ್ಲಿಗಳಲ್ಲಿ, ಕುಮಾರಸ್ವಾಮಿ ಲೇಔಟಿನಲ್ಲಿ, ಎಲ್ಲ ಬಾಗಿಲಲ್ಲೂ ಅದೇ ಪ್ರಶ್ನೆ. ಕೇಳಿದವರಿಗೆಲ್ಲ ದಾನಮ್ಮ ಜಾತಿಯ ಹೆಸರು ಹೇಳಿದಳು. ಬರೆದುಕೊಳ್ಳುವವರು ಮಾತ್ರ ಎಲ್ಲೂ ಎದುರಾಗಲಿಲ್ಲ.

ಕಡೆಗೆ ಕುಮಾರಸ್ವಾಮಿ ಲೇಔಟಿನ ಅಂಚಿನಲ್ಲಿ ಕಟ್ಟಡ ಕೆಲಸದವರ ತಗಡಿನ ಸಾಲಿನಲ್ಲಿ ಒಂದು ಗೂಡು ಸಿಕ್ಕಿತು. ಕೂಲಿಯ ಮೇಸ್ತ್ರಿ ಹೊಳೆಪ್ಪ ಜಾತಿ ಕೇಳಲಿಲ್ಲ. ಹೆಂಗಸರಿಗೆ ಜಲ್ಲಿ ಹೊರುವ ಕೆಲಸ ಇದೆ ಎಂದ. ರೊಟ್ಟಿ ಬಡಿದ ಅಂಗೈಗಳು ಎರಡೇ ದಿನಕ್ಕೆ ಒಡೆದವು.

ದಾನಮ್ಮ ಮೇಸ್ತ್ರಿಯನ್ನು ಕೇಳಿದಳು, "ಅಣ್ಣಾರ, ಮಂದಿ ಎಣಿಸವ್ರು ಇಲ್ಲಿ ಬರ್ತಾರೇನ್ರಿ?"

"ಅವ್ರು ಬಂದು ಎಣಿಸ್ಕೊಂಡು ಹೋಗಿ ಯಾವ ಕಾಲ ಆಯ್ತು. ಇನ್ನು ಹತ್ತು ವರ್ಷಕ್ಕೆ ಬರೋದು."

ಈ ಮಾತನ್ನು ದಾನಮ್ಮ ಗಂಡನಿಗೂ ಹೇಳಲಿಲ್ಲ.

ಮುರಿಗೆವ್ವ ಬಿಸಿಲಲ್ಲಿ ನಡೆದು ಬಂದ ದಿನವೇ ಸೊರಗಿದ್ದಳು. ಈಗ ಜ್ವರ ಬಿಡಲೇ ಇಲ್ಲ. ಆದರೂ ದಿನವೂ ಬೆಳಗ್ಗೆ ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ತಗಡಿನ ಬಾಗಿಲಲ್ಲಿ ಚಾಪೆ ಹಾಕಿಸಿಕೊಂಡು ಕೂರುವಳು. ಚೀಲ ಹಾಕಿಕೊಂಡವರು ಯಾರೇ ಹಾದುಹೋದರೂ ಬೆನ್ನು ನೆಟ್ಟಗೆ ಮಾಡುವಳು. ಸಂಜೆ ದಾನಮ್ಮ ಜಲ್ಲಿ ಬುಟ್ಟಿ ಇಳಿಸಿ ಬಂದರೆ, ಕೆಲಸದ ಜಾಗಕ್ಕಾದರೂ ಬಂದಿದ್ದರೇನೋ ಎಂದು, ಮೊದಲ ಮಾತು ಅದೇ.

"ಬಂದಿದ್ರೇನ?"

"ಇಲ್ರಿ ಅತ್ತಿ. ನಾಳೆ ಬರ್ತಾರ."

ಒಂದು ದಿನ ಮುದುಕಿಗೆ ಕೂರಲಾಗಲಿಲ್ಲ. ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿಯೇ ಮಲಗಿದ್ದಳು. ಭೀಮರಾಯ ತಾಯಿಯ ತಲೆಯ ಹತ್ತಿರ ಗಂಟೆಬಟ್ಟಲನ್ನು ತೆಗೆದಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಅದನ್ನು ಬೂದಿಯಲ್ಲಿ ತಿಕ್ಕಿ ಬೆಳಗಿದ್ದ. ದಾನಮ್ಮ ಒಡೆದ ಕೈಯಿಂದ ಅತ್ತೆಯ ತುಟಿಗೆ ನೀರು ಹಚ್ಚಿದಾಗ ಮುದುಕಿ ಕಣ್ಣು ತೆರೆದಳು.

"ದಾನವ್ವಾ, ಬಂದಿದ್ರೇನ?"

ದಾನಮ್ಮ ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

"ಬಂದಿದ್ರಲ್ರಿ ಅತ್ತಿ. ನೀವು ಮಲಗಿದ್ರಿ, ಎಬ್ಬಸಲಿಲ್ಲ."

"ಹೌದಾ? ಆ ಮೇಡಮ್ಮನ?"

"ಅಲ್ರಿ, ಬ್ಯಾರೆ ಮಾಸ್ತರು. ದೊಡ್ಡ ಹಾಳಿ ತಂದಿದ್ರು. ಬಾಗಿಲದಾಗ ಕುಂತು ಬರಕೊಂಡ್ರು."

"ಏನಂತ ಹೇಳಿದಿ?"

"ಚಲವಾದಿ ಅಂತ ಹೇಳಿದ್ನಿ."

"ಗಟ್ಟಿಯಾಗಿ ಹೇಳಿದಿಲ್ಲೊ?"

"ಗಟ್ಟಿಯಾಗೇ ಹೇಳಿದ್ನಿರಿ. ಆ ಕಡಿ ತಗಡಿನವರಿಗೂ ಕೇಳಸ್ತು."

"ಎಷ್ಟ ಮಂದಿ ಅಂತ ಬರಕೊಂಡ್ರು?"

"ಮೂರ ಮಂದಿರಿ," ಎಂದಳು ದಾನಮ್ಮ.

"ಮೂರ," ಎಂದಳು ಮುರಿಗೆವ್ವ, ಮತ್ತೆ ಕಣ್ಣು ಮುಚ್ಚಿದಳು.